ಹೆಪ್ಪು ಯಾರ ಮನೆಯದು

ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ಯಾರಾದರೂ ಕರೆದರೆ, ಅವರ ಮನೆಯ ಮೆಟ್ಟಿಲು ಹತ್ತುವ ಮೊದಲು ನಿಮ್ಮ ಚೀಲವನ್ನು ಒಮ್ಮೆ ತೆರೆದು ನೋಡಿಕೊಳ್ಳಿ. ಈ ಕೆಲಸಕ್ಕೆ ಹೊಸದಾಗಿ ಬಂದಿರುವ ನಿಮಗೆ ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೆ ಈ ಮಾತು ನನಗೆ ಹೇಗೆ ಗೊತ್ತಾಯಿತು ಎಂದು ಹೇಳಹೊರಟರೆ ನನ್ನ ತಂಗಿ ಹಂಪಮ್ಮನ ವಿಷಯ ಬರುತ್ತದೆ, ಅವಳಿಗೆ ನಾನು ಮಾಡಿದ ಅನ್ಯಾಯದ ವಿಷಯವೂ ಬರುತ್ತದೆ. ಅದನ್ನು ಬಿಟ್ಟು ಬರೆಯಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಹಾಳೆ ಹರಿದು ಹಾಕಿದೆ.

ನನ್ನ ಹೆಸರು ಎರ್ರಿಸ್ವಾಮಿ. ಊರು ಕುರುಗೋಡು. ಓದಿದ್ದು ಏಳನೆಯ ತರಗತಿ. ಅಪ್ಪ ತೀರಿಕೊಂಡ ವರ್ಷವೇ ಶಾಲೆ ಬಿಟ್ಟು ಬಳ್ಳಾರಿಗೆ ಬಂದು, ಬ್ರೂಸ್‌ಪೇಟೆಯ ಒಂದು ರೇಡಿಯೋ ರಿಪೇರಿ ಅಂಗಡಿಗೆ ಸೇರಿದೆ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗಿಂತ ಆರು ವರ್ಷಕ್ಕೆ ಚಿಕ್ಕವಳಾದ ಹಂಪಮ್ಮ ಅವ್ವನ ಜೊತೆ ಊರಲ್ಲೇ ಉಳಿದು ಓದಿದಳು. ಓದುತ್ತಾ ಓದುತ್ತಾ ಬಿ.ಎಸ್ಸಿ. ಮುಗಿಸಿ, ಸಿರುಗುಪ್ಪದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರಾದಳು. ಅವಳು ಓದಲಿ ಎಂದೇ ನಾನು ದುಡಿದೆ. ಅದು ನಿಜ. ಅವಳು ಇಂಗ್ಲಿಷ್ ಪುಸ್ತಕ ಹಿಡಿದು ಸರಸರ ಓದುವಾಗ ನಾನು ಕೇಳಲಾರದೆ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಅದೂ ನಿಜ.

ಅಂಗಡಿಯ ಮಾಲೀಕರು ಕರೀಂ ಸಾಹೇಬರು. ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ದಪ್ಪ ಕನ್ನಡಕ, ಕಿವಿಯ ಹಿಂದೆ ಸದಾ ಒಂದು ಬೀಡಿ. ನನಗೆ ಅವರು ಕಲಿಸಿದ ಮೊದಲ ಪಾಠ ರೇಡಿಯೋದ್ದಲ್ಲ, ಕರೆಂಟ್ ಅಳೆಯುವ ಮೀಟರಿನದು. ಒಮ್ಮೆ ವಕೀಲರೊಬ್ಬರ ವಾಲ್ವ್ ರೇಡಿಯೋ ಬಿಚ್ಚಿಕೊಂಡು ಬೆಳಗಿನಿಂದ ಮಧ್ಯಾಹ್ನದ ಊಟದವರೆಗೂ ಕೂತಿದ್ದೆ. ಎಲ್ಲಿ ಮುಟ್ಟಿದರೂ ಕರೆಂಟಿಲ್ಲ. ಮೂರು ವಾಲ್ವ್ ಬದಲಾಯಿಸಿ ಆಗಿತ್ತು. ಉಸ್ತಾದ್ ಬಂದು, ನನ್ನ ಕೈಯಲ್ಲಿದ್ದ ಮೀಟರಿನ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರು. ಮುಳ್ಳು ಅಲುಗಲಿಲ್ಲ. ತಾಗಿಸಿದರೆ ಬಲತುದಿಯ ಸೊನ್ನೆಗೆ ಬಂದು ನಿಲ್ಲಬೇಕಾದ ಮುಳ್ಳು ಅದು. ಕಡ್ಡಿಯ ವೈರು ಒಳಗೆ ತುಂಡಾಗಿತ್ತು.

"ಲೇ ಎರ್ರಿ, ಮೊದಲ್ ನಿಂದು ಮೀಟರ್ ನೋಡು, ಆಮ್ಯಾಕ ಅವರ್ದು ರೇಡಿಯೋ," ಎಂದರು. "ವಕೀಲರ ರೇಡಿಯೋ ಚಲೋ ಐತಿ. ನಿಂದಾ ಹಾಳಾಗೈತಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಪಾಠ ಕಲಿತೆ ಎಂದುಕೊಂಡೆ. ಇಪ್ಪತ್ತು ವರ್ಷದ ನಂತರ ಅದೇ ಪಾಠ ಬೇಕಾದಾಗ ನೆನಪಿಗೆ ಬರಲಿಲ್ಲ.

ರೇಡಿಯೋ ಹೋಗಿ ಟೀವಿ ಬಂತು. ಅಂಟೆನಾ ತಿರುಗಿಸುತ್ತಾ ಬಳ್ಳಾರಿಯ ಮಾಳಿಗೆಗಳನ್ನೆಲ್ಲ ಹತ್ತಿ ಇಳಿದೆ. ಬೇಸಿಗೆಯಲ್ಲಿ ಆ ಮಾಳಿಗೆಗಳ ಮೇಲೆ ರೊಟ್ಟಿ ಬಡಿದು ಹಾಕಿದ್ದರೆ ಬೇಯುತ್ತಿತ್ತು. ಎಂಬತ್ತರ ದಶಕದ ಕೊನೆಗೆ ಕಂಪ್ಯೂಟರು ಬಂತು. ಮೊದಲು ಆಫೀಸುಗಳಿಗೆ, ಆಮೇಲೆ ನಾಲ್ಕಾರು ಮನೆಗಳಿಗೆ. ಉಸ್ತಾದರಿಗೆ ಆಗ ವಯಸ್ಸಾಗಿತ್ತು. "ಇದರಾಗ ವಾಲ್ವ್ ಇಲ್ಲ, ಕಾಯಿಲ್ ಇಲ್ಲ, ನನಗ ಬ್ಯಾಡಪ್ಪ, ನೀನಾ ನೋಡು," ಎಂದು ನನ್ನನ್ನು ಹದಿನೈದು ದಿನ ಹೈದರಾಬಾದಿಗೆ ಕಳಿಸಿ ಕಲಿಸಿದರು. ಅಂಗಡಿಗೆ ಒಂದು ಹಳೆಯ ಯಂತ್ರವನ್ನೂ ತರಿಸಿದರು. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಕಂಪ್ಯೂಟರ್ ಮುಟ್ಟುವ ಧೈರ್ಯವಿದ್ದ ಮೆಕ್ಯಾನಿಕ್ಕುಗಳು ಆಗ ಕೆಲವರೇ. ಆ ಕೆಲವರಲ್ಲಿ ಏಳನೆಯ ತರಗತಿ ಓದಿದವನು ನಾನೊಬ್ಬನೇ.

ಆ ಕಾಲದ ಫ್ಲಾಪಿಯನ್ನು ನೀವು ನೋಡಿರಲಿಕ್ಕಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಕರಿಯ ತೆಳು ಚೌಕ. ಹಿಡಿದರೆ ಒಣ ಹಪ್ಪಳದಂತೆ ಬಾಗುತ್ತಿತ್ತು. ಎಲ್ಲವೂ ಅದರಲ್ಲೇ ಇರುತ್ತಿತ್ತು. ಅದರ ಒಂದು ಅಂಚಿನಲ್ಲಿ ಹಲ್ಲು ಬಿದ್ದ ಜಾಗದಂತೆ ಚಿಕ್ಕ ಕಚ್ಚು. ಕಚ್ಚು ತೆರೆದಿದ್ದರೆ ಕಂಪ್ಯೂಟರು ಫ್ಲಾಪಿಯ ಮೇಲೆ ಬರೆಯಬಹುದು. ಕಚ್ಚಿನ ಮೇಲೆ ಒಂದು ಚೀಟಿ ಅಂಟಿಸಿ ಮುಚ್ಚಿದರೆ ಓದಬಹುದು, ಬರೆಯಲಾಗದು. ಈ ಕಚ್ಚನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರದ್ದೇ ಕಥೆ.

ಜನರು ಫ್ಲಾಪಿಗೆ ಮಾಡದ ಉಪಚಾರವಿಲ್ಲ. ಆಯುಧಪೂಜೆಯ ದಿನ ಒಬ್ಬರು ಅದರ ನಡುವಿನ ತೂತಿನ ಸುತ್ತ ಅರಿಶಿನ ಕುಂಕುಮ ಹಚ್ಚಿದರು. ಮರುದಿನ ಯಂತ್ರ ಓದುವುದಿಲ್ಲ ಎಂದು ನನ್ನನ್ನು ಕರೆದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಕಂಪ್ಯೂಟರಿಗೆ ವೈರಸ್ ಬರುತ್ತದೆ ಎಂದು ಪೇಪರಿನಲ್ಲಿ ಓದಿ, ಫ್ಲಾಪಿ ಡಬ್ಬಿಯೊಳಗೆ ಡಾಂಬರು ಗುಳಿಗೆ ಹಾಕಿಟ್ಟಿದ್ದರು. "ವೈರಸ್ ಅಂದ್ರ ಹುಳಾನ ಅಲ್ಲೇನು?" ಎಂದು ನನ್ನನ್ನೇ ಕೇಳಿದರು. ನಾನು ಅವರನ್ನು ನೋಡಿ ಒಳಗೊಳಗೆ ನಕ್ಕೆ. ಆದರೆ ಅವರ ಡಾಂಬರು ಗುಳಿಗೆಯಿಂದ ಯಾರಿಗೂ ತೊಂದರೆಯಾಗಲಿಲ್ಲ. ನನ್ನ ಜಾಣತನದಿಂದ ಆಯಿತು.

ನನ್ನ ಚೀಲದಲ್ಲಿ ಒಂದು ಫ್ಲಾಪಿ ಇತ್ತು. ಯಂತ್ರವನ್ನು ಎಬ್ಬಿಸುವ ಡಾಸ್, ಪರೀಕ್ಷೆ ಮಾಡುವ ನಾಲ್ಕಾರು ಉಪಕರಣ, ಎಲ್ಲ ಅದರಲ್ಲೇ. ನಾನು ಅದನ್ನು ಮದ್ದಿನ ಫ್ಲಾಪಿ ಎನ್ನುತ್ತಿದ್ದೆ. ಅದರ ಕಚ್ಚನ್ನು ಮುಚ್ಚಬೇಕೆಂದು ಹೈದರಾಬಾದಿನಲ್ಲಿ ಹೇಳಿಕೊಟ್ಟಿದ್ದರು. ಡಬ್ಬಿಯ ಜೊತೆ ಬರುವ ಬೆಳ್ಳಿ ಬಣ್ಣದ ಚೀಟಿಗಳು ಖಾಲಿಯಾಗಿದ್ದವು. ವೈರಿಗೆ ಸುತ್ತುವ ಕರಿ ಟೇಪು ಅಂಗಡಿಯಲ್ಲಿ ಬೇಕಾದಷ್ಟಿತ್ತು. ಅದನ್ನೇ ಹಚ್ಚಿದೆ. ಬಳ್ಳಾರಿಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ. ಅಂಗಡಿಯ ಯಂತ್ರದೊಳಗೆ ಟೇಪಿನ ಗೋಂದು ಕರಗಿ ಫ್ಲಾಪಿ ಒಳಗೇ ಅಂಟಿಕೊಂಡಿತು. ಇಕ್ಕಳ ಹಾಕಿ ಎಳೆದು ತೆಗೆಯಬೇಕಾಯಿತು.

"ಇನ್ನೊಮ್ಮಿ ಕರಿ ಟೇಪ್ ಹಚ್ಚಿದ್ಯೋ, ನಿನ್ನ ಬಾಯಿಗೂ ಅದಾ ಹಚ್ತೀನಿ," ಎಂದರು ಉಸ್ತಾದ್.

ಹಾಗಾಗಿ ಹೊಸ ಮದ್ದಿನ ಫ್ಲಾಪಿ ಮಾಡಿ, ಪಾರ್ಸೆಲ್ಲಿಗೆ ಅಂಟಿಸುವ ಪಾರದರ್ಶಕ ಟೇಪು ತಂದು ಕಚ್ಚಿಗೆ ಹಚ್ಚಿದೆ. ಅದರ ಗೋಂದು ಕರಗುವುದಿಲ್ಲ. ಅಂಗಡಿಯ ಯಂತ್ರಕ್ಕೆ ಹಾಕಿ ಬರೆಯಲು ಹೇಳಿದೆ. ಕಚ್ಚು ಮುಚ್ಚಿದೆ, ಬರೆಯಲಾರೆ ಎಂದು ಪರದೆಯ ಮೇಲೆ ಬಂತು. ಗಟ್ಟಿಯಾಯಿತು ಎಂದು ಚೀಲಕ್ಕೆ ಹಾಕಿಕೊಂಡೆ.

ಚೆಂಡಿನ ವೈರಸ್ ಮೊದಲು ಕಂಡದ್ದು ಬಳ್ಳಾರಿಯ ಒಬ್ಬ ಮಕ್ಕಳ ಡಾಕ್ಟರ ಮನೆಯಲ್ಲಿ. ಅವರ ಭಾವಮೈದುನ ಮದ್ರಾಸಿನಿಂದ ಒಂದು ಆಟದ ಫ್ಲಾಪಿ ತಂದು ಆಡಿ ಹೋಗಿದ್ದ. ಅದಾದ ಮೇಲೆ, ಗಡಿಯಾರದಲ್ಲಿ ಅರ್ಧ ಗಂಟೆ ತುಂಬುವ ಹೊತ್ತಿಗೆ ಯಂತ್ರ ಫ್ಲಾಪಿ ಓದುತ್ತಿದ್ದರೆ ಪರದೆಯ ಮೇಲೆ ಒಂದು ಚುಕ್ಕಿ ಹುಟ್ಟಿ, ಗೋಡೆಗೆ ಎಸೆದ ಚೆಂಡಿನಂತೆ ಆ ಅಂಚಿನಿಂದ ಈ ಅಂಚಿಗೆ ಪುಟಿಯುತ್ತಿತ್ತು. ಅಕ್ಷರಗಳ ನಡುವೆ ನುಸುಳಿಕೊಂಡು ಓಡಾಡುತ್ತಿತ್ತು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಪಾ ಎರ್ರಿಸ್ವಾಮಿ, ಮಂದಿ ಮಕ್ಕಳಿಗೆ ನಾನು ಸೂಜಿ ಹಾಕ್ತೀನಿ. ನನ್ನ ಮಶೀನಿಗೆ ನೀನು ಹಾಕು."

ಈ ಚೆಂಡು ಎಲ್ಲಿ ಕೂರುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಈಗ ಹೇಳುತ್ತೇನೆ. ಯಂತ್ರ ಎದ್ದ ಕೂಡಲೇ ಫ್ಲಾಪಿಯ ಮೊದಲ ಪುಟವನ್ನು ಓದುತ್ತದೆ. ಚೆಂಡು ಆ ಪುಟದಲ್ಲೇ ಅಡಗಿರುತ್ತದೆ. ಓದಿದ ತಕ್ಷಣ ಯಂತ್ರದ ನೆನಪಿಗೆ ಹತ್ತುತ್ತದೆ. ಆಮೇಲೆ ಯಾವ ಫ್ಲಾಪಿ ಹಾಕಿದರೂ, ಕಚ್ಚು ತೆರೆದಿದ್ದರೆ, ಅದರ ಮೊದಲ ಪುಟದ ಮೇಲೂ ತನ್ನನ್ನು ಬರೆದುಕೊಳ್ಳುತ್ತದೆ. ಹಾಗಾಗಿ ಮೊದಲು ಯಂತ್ರವನ್ನು ಪೂರ್ತಿ ಆರಿಸಬೇಕು. ಶುದ್ಧವಾದ, ಕಚ್ಚು ಮುಚ್ಚಿದ ಫ್ಲಾಪಿಯಿಂದ ಎಬ್ಬಿಸಬೇಕು. ಆಮೇಲೆ ಮೊದಲ ಪುಟವನ್ನು ಹೊಸದಾಗಿ ಬರೆಯಬೇಕು. ಫ್ಲಾಪಿಗಳಲ್ಲಿದ್ದ ಫೈಲುಗಳನ್ನು ಒಂದೊಂದಾಗಿ ಹೊಸ ಫ್ಲಾಪಿಗೆ ಇಳಿಸಿಕೊಳ್ಳಬೇಕು. ಇಡೀ ಫ್ಲಾಪಿಯ ಪಡಿಯಚ್ಚು ತೆಗೆದರೆ ರೋಗವೂ ಅಚ್ಚಾಗಿ ಬರುತ್ತದೆ.

ಇದೊಂದನ್ನೂ ಅರಿಯದ ನಾನು, ಚೆಂಡು ಪುಟಿಯುತ್ತಿರುವಾಗಲೇ ಮದ್ದಿನ ಫ್ಲಾಪಿ ತುರುಕಿದೆ. ಏನೇನೋ ಒತ್ತಿದೆ. ಸಿಕ್ಕ ಆಜ್ಞೆಗಳನ್ನೆಲ್ಲ ಕೊಟ್ಟೆ. ಕೊನೆಗೆ ಯಂತ್ರ ಆರಿಸಿ ಹೊತ್ತಿಸಿದಾಗ ಚೆಂಡು ಕಾಣಲಿಲ್ಲ. ಅರ್ಧ ಗಂಟೆ ತುಂಬಿರಲಿಲ್ಲ, ಅಷ್ಟೇ. ಡಾಕ್ಟರ ಮನೆಯಲ್ಲಿ ಚಹಾ ಕುಡಿದು ಗೆದ್ದವನಂತೆ ಹೊರಬಿದ್ದೆ.

ಆ ವಾರ ಸಿರುಗುಪ್ಪಕ್ಕೆ ಹೋಗುವುದಿತ್ತು. ಅಲ್ಲಿ ಎರಡು ಮನೆಗಳಲ್ಲಿ ನನ್ನ ಕೆಲಸ. ಒಂದು, ರೈಸ್ ಮಿಲ್ಲಿನ ರಾಘವಯ್ಯನವರ ಮನೆ. ಅವರು ಮಗಳು ಸುಜಾತಳಿಗೆಂದೇ ಕಂಪ್ಯೂಟರ್ ತರಿಸಿದ್ದರು. ಇನ್ನೊಂದು, ನನ್ನ ತಂಗಿಯ ಮನೆ. ಹಂಪಮ್ಮ ಒಂದು ಹೊಸ ಯಂತ್ರ ಇಟ್ಟುಕೊಂಡು, ಶಾಲೆ ಬಿಟ್ಟ ಮೇಲೆ ಮುಂದಿನ ಕೋಣೆಯಲ್ಲಿ ಆರು ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಹುಡುಗರಿಗೇ ಕಂಪ್ಯೂಟರ್ ಕಲಿಸುವವರಿಲ್ಲದ ಊರಿನಲ್ಲಿ ಹುಡುಗಿಯರ ಆ ತರಗತಿ ಅವಳ ಪ್ರಾಣವಾಗಿತ್ತು. ಪ್ರತಿಯೊಬ್ಬ ಹುಡುಗಿಗೂ ಒಂದು ಫ್ಲಾಪಿ, ಫ್ಲಾಪಿಗೊಂದು ಹಳೆಯ ಬಟ್ಟೆಯ ಚೀಲ, ಚೀಲದ ಮೇಲೆ ದಾರದಿಂದ ಹೆಸರು ಹೊಲಿದದ್ದು. ಸುಜಾತಳೂ ಆ ಆರರಲ್ಲಿ ಒಬ್ಬಳು. ಎಲ್ಲರಿಗಿಂತ ಚುರುಕು. ತಾನೇ ಒಂದು ಮಗ್ಗಿ ಕೇಳುವ ಪ್ರೋಗ್ರಾಂ ಬರೆದು, ತಪ್ಪು ಹೇಳಿದರೆ ಯಂತ್ರ ಕುಂಯ್ಯೆನ್ನುವಂತೆ ಮಾಡಿದ್ದಳು.

ಎರಡೂ ಮನೆಗಳಲ್ಲಿ ಸಣ್ಣಪುಟ್ಟ ರಿಪೇರಿ ಮುಗಿಸಿ, ಎರಡೂ ಯಂತ್ರಗಳನ್ನು ಮದ್ದಿನ ಫ್ಲಾಪಿಯಿಂದ ಎಬ್ಬಿಸಿ ನೋಡಿ ಬಂದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಎರಡೂ ಕಡೆಯಿಂದ ಕರೆ ಬಂತು. ಎರಡೂ ಕಡೆ ಚೆಂಡು.

ಹೋದೆ. ಅದೇ ಫ್ಲಾಪಿಯಿಂದ ಶುದ್ಧ ಮಾಡಿದೆ. ಮತ್ತೆ ಬಂತು. ಮತ್ತೆ ಹೋದೆ. ಮೂರನೆಯ ಸಲ ರಾಘವಯ್ಯನವರು ಕುರ್ಚಿ ಎಳೆದುಕೊಂಡು ನನ್ನ ಎದುರೇ ಕೂತರು. ಆಂಧ್ರದ ಕಡೆಯವರು, ಕನ್ನಡ ಮಾತಾಡಿದರೂ ರಾಗ ತೆಲುಗಿನದೇ.

"ಏಮಯ್ಯಾ, ನೀನು ತೆಗೀತಿಯಾ, ಅದು ಬರ್ತದೆ. ನೀನು ತೆಗೀತಿಯಾ, ಅದು ಬರ್ತದೆ. ನೀನು ಮೆಕ್ಯಾನಿಕ್ಕಾ, ಇಲ್ಲಾ ಆ ಚೆಂಡಿನ ಸಾಕುತಂದೆಯಾ?"

ಮನೆಯವರೆಲ್ಲ ಬಾಗಿಲಲ್ಲಿ ನಿಂತು ನಕ್ಕರು. ನನಗೆ ಮುಖಭಂಗವಾಯಿತು. ಅಷ್ಟರಲ್ಲಿ ಸುಜಾತಳ ಬಟ್ಟೆ ಚೀಲದ ಫ್ಲಾಪಿ ಕಣ್ಣಿಗೆ ಬಿತ್ತು. ಅದನ್ನು ಯಂತ್ರಕ್ಕೆ ಹಾಕಿ, ಅರ್ಧ ಗಂಟೆ ತುಂಬುವವರೆಗೆ ಕಾದು ನೋಡಿದೆ. ಅದರಲ್ಲೂ ಚೆಂಡು.

"ಇದು ಎಲ್ಲಿ ಹೋಗಿ ಬಂದೈತ್ರಿ? ನಮ್ಮ ತಂಗಿ ಮನಿಗೆ," ಎಂದೆ. "ಅಲ್ಲಿ ಆರು ಹುಡುಗ್ಯಾರು, ಆರು ಫ್ಲಾಪಿ. ಯಾರು ಎಲ್ಲಿಂದ ತಂದಾರೋ. ವೈರಸ್ ಇರೋದು ಆ ಮನಿಯಾಗ. ನಾನು ಇಲ್ಲಿ ತೊಳೀತೀನಿ, ಅದು ಅಲ್ಲಿಂದ ಬರ್ತೈತಿ."

ಹೇಳುವಾಗ ನನಗೆ ಹಾಗೆಯೇ ಅನಿಸಿತ್ತು, ಸುಳ್ಳು ಹೇಳಿದೆನೆಂದಲ್ಲ. ಆದರೆ ಹೇಳುವಾಗ ಒಂದು ಸಣ್ಣ ಸಂತೋಷವೂ ಆಯಿತು. ಬಿ.ಎಸ್ಸಿ. ಓದಿದವಳ ಮನೆಯ ತಪ್ಪನ್ನು ಏಳನೆಯ ತರಗತಿಯವನು ಹಿಡಿದನಲ್ಲ ಎಂಬ ಸಂತೋಷ. ಇಷ್ಟು ವರ್ಷ ನನ್ನನ್ನು ಕೊರೆದದ್ದು ಆ ತಪ್ಪು ಮಾತಿಗಿಂತ ಹೆಚ್ಚಾಗಿ ಆ ಸಂತೋಷ.

ಮಾತು ಮಿಲ್ಲಿನಿಂದ ಮಾರ್ಕೆಟ್ಟಿಗೆ ಹೋಯಿತು. ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಕಂಪ್ಯೂಟರ್ ಎಂಬ ಪದ ಉದುರಿ ವೈರಸ್ ಎಂಬುದೊಂದೇ ಉಳಿಯಿತು. ಹಂಪಮ್ಮ ಟೀಚರ ಮನೆಯಲ್ಲಿ ವೈರಸ್ ಇದೆಯಂತೆ. ಆ ದಿನಗಳಲ್ಲಿ ಊರಲ್ಲಿ ಜ್ವರ ಬೇರೆ ಇತ್ತು. ಒಬ್ಬ ಹುಡುಗಿಗೆ ನೆಗಡಿಯಾದದ್ದೇ ಸಾಕಾಯಿತು. ವಾರದೊಳಗೆ ಆರಕ್ಕೆ ಆರು ಹುಡುಗಿಯರೂ ಬರುವುದನ್ನು ನಿಲ್ಲಿಸಿದರು. ಹಂಪಮ್ಮ ಬಾಗಿಲು ತೆರೆದಿಟ್ಟುಕೊಂಡು, ಯಂತ್ರದ ಮೇಲೆ ಕ್ರೋಶಾ ಹೆಣಿಗೆಯ ಹೊದಿಕೆ ಹಾಕಿ, ಎದುರಿಗೆ ಒಬ್ಬಳೇ ಕೂತಿರುತ್ತಿದ್ದಳಂತೆ.

ಆ ಭಾನುವಾರ ನಾವಿಬ್ಬರೂ ಕುರುಗೋಡಿಗೆ, ಅವ್ವನ ಮನೆಗೆ ಹೋಗಿದ್ದೆವು. ಹಂಪಮ್ಮ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. "ನನ್ನ ಮನಿ ಹೆಸರು ನೀನಾ ಹೇಳೀ ಅಂತಲ್ಲಣ್ಣ," ಎಂದು ಒಮ್ಮೆ ಕೇಳಿದಳು. "ಇದ್ದದ್ದು ಹೇಳೀನವ್ವ," ಎಂದೆ. ಅಷ್ಟೇ.

ಬೆಳಗಿನ ಹೊತ್ತು. ಬಾಜೂ ಮನೆಯ ಈರಮ್ಮ ಒಂದು ಚರಿಗೆ ಹಿಡಿದು ಬಂದಳು. ಬೆರಳು ಅದ್ದಿ ಮೇಲೆತ್ತಿದಳು. ಮೊಸರು ಎಳೆ ಎಳೆಯಾಗಿ ಜೋತಾಡಿತು.

"ನೋಡಬೇ ಯಕ್ಕ, ಮಸರು ನೂಲು ನೂಲಾಗಿ ಎಳೀತೈತಿ. ನಮ್ಮ ಎಮ್ಮಿಗೆ ಏನಾಗೈತೋ ಏನೋ. ಹಿಂದಿನ ಮನಿಯಾಕೀದೂ ಹಿಂಗಾ ಆಗೈತಂತ."

ಅವ್ವ ಒಳಗೆ ಹೋಗಿ ತನ್ನ ಗಡಿಗೆ ತಂದಳು. ಬೆರಳದ್ದಿದಳು. ಅದೂ ಎಳೆಯಿತು.

"ನಿಮ್ಮ ಎಮ್ಮಿ ತಪ್ಪಲ್ಲ ತಾಯಿ," ಎಂದಳು. "ಎರಡೂ ಮನಿಗೆ ಹೆಪ್ಪು ಕೊಟ್ಟಾಕಿ ನಾನಾ. ಮನಿ ಮನಿಯಾಗ ಒಂದಾ ಥರ ಕೆಟ್ಟೈತಿ ಅಂದ್ರ ಹಾಲು ನೋಡಬಾರದು, ಹೆಪ್ಪು ಕೊಟ್ಟಾಕಿ ಗಡಿಗಿ ನೋಡಬೇಕು. ನಿಂದು ಚೆಲ್ಲು. ಗಡಿಗಿ ಬಿಸಿನೀರಾಗ ತೊಳಿ. ದೀಪ ಹಚ್ಚೋದ್ರೊಳಗ ಬ್ಯಾರೆ ಕಡಿಯಿಂದ ಹೆಪ್ಪು ತಂದು ಕೊಡ್ತೀನಿ."

ದೀಪ ಹಚ್ಚಿದ ಮೇಲೆ ನಮ್ಮ ಕಡೆ ಹೆಪ್ಪು ಕೊಡುವುದಿಲ್ಲ. ಅದಕ್ಕೇ ಅವ್ವ ಆಗಲೇ ಸೆರಗು ಹೊದ್ದು ಹೊರಟಳು. ಹೆಪ್ಪು ಕೊಟ್ಟ ಮನೆಗಳಿಗೆಲ್ಲ ಹೋಗಿ, ತಪ್ಪು ನಂದು, ನನ್ನ ಗಡಿಗೆಯದು ಎಂದು ಹೇಳಿ, ಅರ್ಧ ತಾಸಿನಲ್ಲಿ ವಾಪಸ್ ಬಂದಳು. ಬಂದವಳೇ ರೊಟ್ಟಿ ಬಡಿಯಲು ಕೂತಳು. ಅವಳಿಗೆ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ.

ಹಂಪಮ್ಮ ಆ ಖಾಲಿ ಗಡಿಗೆಯನ್ನೇ ನೋಡುತ್ತಾ ಕೂತಿದ್ದಳು.

"ಅಣ್ಣ, ಡಾಕ್ಟರ ಮನಿಗೂ ಚೆಂಡು ಬಂದಿತ್ತು ಅಂದಿದ್ದಿಲ್ಲಾ?"

"ಹೂಂ."

"ಅವರ ಮನಿಗೆ ನಮ್ಮ ಹುಡುಗ್ಯಾರು ಹೋಗಿಲ್ಲ. ಅವರ ಮನಿ, ನನ್ನ ಮನಿ, ರಾಘವಯ್ಯನೋರ ಮನಿ. ಮೂರಕ್ಕೂ ಹೋಗಿದ್ದು ಏನೈತಿ?"

ನನಗೆ ಸಿಟ್ಟು ಬಂತು. ಚೀಲದಿಂದ ಮದ್ದಿನ ಫ್ಲಾಪಿ ತೆಗೆದು ಅವಳ ಮುಂದೆ ಹಿಡಿದೆ. "ಇದರ ಕಚ್ಚು ಮುಚ್ಚೈತಿ, ನೋಡಿಲ್ಲಿ. ಇದಕ್ಕ ಯಾವ ಚೆಂಡೂ ಹತ್ತಂಗಿಲ್ಲ. ಅಂಗಡ್ಯಾಗ ಪರೀಕ್ಷಾ ಮಾಡೀನಿ. ನಿನ್ನಷ್ಟು ಓದಿಲ್ಲ ಅಂತ ಇಷ್ಟೂ ತಿಳಿಯಂಗಿಲ್ಲೇನು ನನಗ?"

ಅವಳು ಫ್ಲಾಪಿಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದಳು. ಕಚ್ಚಿನೊಳಗಿಂದ ಅಂಗಳದ ಬಿಸಿಲು ಕಂಡಿತು.

"ಇದರಾಗ ಬೆಳಕು ಹಾಯ್ತೈತಲ್ಲಣ್ಣ."

"ಹಾಯಲಿ. ಟೇಪ್ ಐತಲ್ಲ."

"ನಿಮ್ಮ ಅಂಗಡಿ ಮಶೀನು ಕಚ್ಚನ್ನ ಹೆಂಗ ನೋಡ್ತೈತಿ? ಮುಟ್ಟಿ ನೋಡ್ತೈತೋ, ಕಣ್ಣಿಲೆ ನೋಡ್ತೈತೋ?"

ಉತ್ತರ ನನಗೆ ಗೊತ್ತಿತ್ತು. ನಮ್ಮ ಅಂಗಡಿಯ ಹಳೆಯ ಯಂತ್ರದಲ್ಲಿ ಕಚ್ಚಿಗೆ ಒಂದು ಪುಟ್ಟ ಕಡ್ಡಿ ತಾಗುತ್ತಿತ್ತು. ಟೇಪು ಇದ್ದರೆ ಕಡ್ಡಿ ತಡೆಯುತ್ತದೆ. ಆ ಮೂರು ಮನೆಗಳಲ್ಲಿದ್ದಂಥ ಹೊಸ ಯಂತ್ರಗಳಲ್ಲಿ ಕಡ್ಡಿ ಇಲ್ಲ, ಒಂದು ಸಣ್ಣ ದೀಪವಿದೆ. ಬೆಳಕು ಹಾಯ್ದರೆ ಕಚ್ಚು ತೆರೆದಿದೆ ಎಂದೇ ಲೆಕ್ಕ. ಅವೆರಡನ್ನೂ ನನ್ನ ಕೈಯಾರೆ ಬಿಚ್ಚಿ ನೋಡಿದ್ದೆ. ಒಂದರ ಜೊತೆ ಒಂದನ್ನು ಹೊಂದಿಸಿ ನೋಡಿರಲಿಲ್ಲ. ಪಾರದರ್ಶಕ ಟೇಪನ್ನು ಪಾರದರ್ಶಕ ಎಂದು ಕರೆಯುತ್ತಲೇ ಹಚ್ಚಿದ್ದೆ.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ಹಂಪಮ್ಮ ಹೊದಿಕೆ ಸರಿಸಿ, ಯಂತ್ರ ಹೊತ್ತಿಸಿ, ನನ್ನ ಫ್ಲಾಪಿ ಹಾಕಿ, ಅದರ ಮೇಲೆ ಒಂದು ಪುಟ್ಟ ಫೈಲು ಬರೆಯಲು ಹೇಳಿದಳು. ಯಂತ್ರ ಒಂದು ಮಾತೂ ಆಡದೆ ಬರೆಯಿತು. ಪಟ್ಟಿ ತೆಗೆದು ನೋಡಿದೆವು. ನನ್ನ ಮದ್ದಿನ ಫ್ಲಾಪಿಯೊಳಗೆ ಎಲ್ಲಕ್ಕಿಂತ ಕೆಳಗೆ ಅವಳಿಟ್ಟ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಇತ್ತು. ಹೆಪ್ಪು.

ಅವಳು ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. ಎದ್ದು ಹೋಗಿ, ಕನ್ನಡಿಯ ಅಂಚಿಗೆ ಅಂಟಿಸಿಟ್ಟಿದ್ದ ದೊಡ್ಡ ಕರಿಯ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ತಂದಳು. ನನ್ನ ಟೇಪು ಸುಲಿದು, ಬೊಟ್ಟನ್ನು ನಡುವೆ ಮಡಚಿ ಕಚ್ಚಿಗೆ ಎರಡೂ ಬದಿಯಿಂದ ಒತ್ತಿದಳು. ಮತ್ತೆ ಬರೆಯಲು ಹೇಳಿದಳು. ಈ ಸಲ ಯಂತ್ರ ಒಲ್ಲೆ ಎಂದಿತು.

"ಇನ್ನ ಮ್ಯಾಲೆ ಇದಾ ಹಚ್ಚು. ಕರಗಂಗೂ ಇಲ್ಲ, ಬೆಳಕೂ ಬಿಡಂಗಿಲ್ಲ."

ಬಳ್ಳಾರಿಗೆ ಬಂದು ಉಸ್ತಾದರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಎರಡು ಬೆರಳನ್ನು ಮೀಟರಿನ ಕಡ್ಡಿಗಳಂತೆ ಒಂದಕ್ಕೊಂದು ತಾಗಿಸಿ ತೋರಿಸಿದರು. ಆಮೇಲೆ ಕಪಾಟಿನಿಂದ ಕಾರ್ಖಾನೆಯ ಮೂಲ ಡಾಸ್ ಫ್ಲಾಪಿ ತೆಗೆದುಕೊಟ್ಟರು. ಅದಕ್ಕೆ ಕಚ್ಚೇ ಇರಲಿಲ್ಲ. ಅದರಿಂದ ಅಂಗಡಿಯ ಯಂತ್ರ ಶುದ್ಧ ಮಾಡಿ, ಹೊಸ ಮದ್ದಿನ ಫ್ಲಾಪಿ ಮಾಡಿ, ಬೊಟ್ಟು ಹಚ್ಚಿ, ಮೂರೂ ಮನೆಗೆ ಹೋಗಿ ಹೇಗೆ ಮಾಡಬೇಕೋ ಹಾಗೆ ಮಾಡಿದೆ. ಚೆಂಡು ಮತ್ತೆ ಬರಲಿಲ್ಲ. "ಈಗ ಹೆಂಗ ಹೋತು?" ಎಂದು ಡಾಕ್ಟರು ಕೇಳಿದರು. "ಹೊಸ ಮದ್ದು ಬಂದೈತ್ರಿ," ಎಂದೆ.

ಇನ್ನು ಉಳಿದದ್ದು ಹಂಪಮ್ಮನ ತರಗತಿ. ಅವಳು ಆರೂ ಹುಡುಗಿಯರ ಮನೆಯವರನ್ನು ಒಂದು ಸಂಜೆ ಕರೆದಳು. ನಾನು ಬಂದು ತಿಳಿಸಿ ಹೇಳಬೇಕು ಎಂದಳು. ಏನು ಹೇಳಬೇಕು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ಮನೆಯವರು ಬಂದರು. ಹಂಪಮ್ಮ ಒಗ್ಗರಣಿ ಮಂಡಕ್ಕಿ ಕಲಸಿ, ಮಿರ್ಚಿ ಕರಿದು ಇಟ್ಟಿದ್ದಳು. ನಾನು ಫ್ಲಾಪಿ ಹಿಡಿದು, ಇದು ಜ್ವರದ ವೈರಸ್ಸಲ್ಲ, ಯಾರೋ ಕೂತು ಬರೆದ ಒಂದು ಪ್ರೋಗ್ರಾಂ, ಮನುಷ್ಯರಿಗೆ ಹತ್ತುವುದಿಲ್ಲ ಎಂದು ವಿವರಿಸಿದೆ.

ಒಬ್ಬ ಹುಡುಗಿಯ ತಾಯಿ ಕೇಳಿದರು, "ಮಶೀನು ಮುಟ್ಟಿದ ಕೈಲೆ ಉಂಡ್ರ?"

"ಏನೂ ಆಗಂಗಿಲ್ರಿ."

"ಮತ್ತ ಮಶೀನಿನ ಮುಂದ ಸೀನಿದ್ರ?"

"ಮಶೀನಿಗೂ ಏನೂ ಆಗಂಗಿಲ್ರಿ."

ಎಲ್ಲರೂ ನಕ್ಕರು. ಬಿಗುವು ಸಡಿಲಾಯಿತು. ಆಗ ರಾಘವಯ್ಯನವರು ಮಂಡಕ್ಕಿ ತಟ್ಟೆ ಕೆಳಗಿಟ್ಟರು.

"ಅದೆಲ್ಲ ಸರಿಯಯ್ಯಾ. ನನ್ನ ಮನೆಗೆ ಅದು ಬಂದದ್ದು ಎಲ್ಲಿಂದ? ನೀನೇ ಹೇಳಿದ್ಯಲ್ಲಾ, ಈ ಮನೆಯಿಂದ ಅಂತ."

ಹಂಪಮ್ಮ ಚಹಾದ ಕೆಟಲ್ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ನಾನು ಹೇಳಬೇಕಾದದ್ದು ಮೂರು ಮಾತು. ಅದು ನನ್ನ ಫ್ಲಾಪಿಯಿಂದ. ಅವ್ವ ಕುರುಗೋಡಿನ ಓಣಿಯಲ್ಲಿ ಅರ್ಧ ತಾಸಿನಲ್ಲಿ ಹೇಳಿ ಬಂದಂಥ ಮಾತು. ಆದರೆ ಆ ಕೋಣೆಯಲ್ಲಿದ್ದವರೆಲ್ಲ ನನ್ನನ್ನು ಮೆಕ್ಯಾನಿಕ್ ಎಂದು ನಂಬಿ ಕೂತಿದ್ದರು. ನಾಳೆಯಿಂದ ನನ್ನನ್ನು ಯಾರು ಮನೆಯೊಳಗೆ ಬಿಡುತ್ತಾರೆ ಎಂದು ಹೆದರಿದೆ.

"ಯಾವುದೋ ಮದ್ರಾಸಿನ ಆಟದ ಫ್ಲಾಪಿಯಿಂದ ಬಂದೈತ್ರಿ," ಎಂದೆ. "ಆಮ್ಯಾಲೆ ಹೆಂಗೋ ಹಬ್ಬೈತಿ."

ಅದು ಸುಳ್ಳಲ್ಲ. ನಿಜವೂ ಅಲ್ಲ.

ಹಂಪಮ್ಮ ಮುಂದೆ ಬಂದು ಅವರ ಲೋಟಕ್ಕೆ ಚಹಾ ಬಗ್ಗಿಸಿದಳು. "ಹಬ್ಬಿದ್ದು ಹಬ್ಬೈತ್ರಿ," ಎಂದಳು. "ಇನ್ನ ಮ್ಯಾಲೆ ಬೊಟ್ಟು ಹಚ್ಚಿದ ಡಾಸ್ ಫ್ಲಾಪಿಯಿಂದನಾ ನನ್ನ ಮಶೀನು ಏಳೋದು. ಹುಡುಗ್ಯಾರ ಫ್ಲಾಪಿ ಬಂದ್ರ ಮೊದಲು ಪರೀಕ್ಷಾ, ಆಮ್ಯಾಲೆ ಪಾಠ. ಇದು ನನ್ನ ಜವಾಬ್ದಾರಿ." ತಪ್ಪು ತನ್ನದೆಂದು ಅವಳು ಹೇಳಲಿಲ್ಲ. ಆದರೆ ಕೇಳಿದವರೆಲ್ಲ ಹಾಗೆಯೇ ತಿಳಿದರು. ನಾನು ಮಿರ್ಚಿ ತಿನ್ನುತ್ತಾ ಕೂತಿದ್ದೆ.

ಮೂವರು ಹುಡುಗಿಯರು ಮರುದಿನದಿಂದ ಬಂದರು. ಸುಜಾತ ಬರಲಿಲ್ಲ. ಕೊನೆಯ ಸಲ ತರಗತಿಗೆ ಬಂದಾಗ ಬಿಟ್ಟುಹೋಗಿದ್ದ ಅವಳ ಬಟ್ಟೆ ಚೀಲ ಬಹಳ ದಿನ ಹಂಪಮ್ಮನ ಮನೆಯ ಮೊಳೆಗೆ ನೇತಾಡುತ್ತಿತ್ತು. ತರಗತಿ ಬೆಳೆಯಿತು, ಆರು ಹೋಗಿ ಹದಿನೆಂಟಾಯಿತು, ಹಂಪಮ್ಮ ಕಲಿಸಿದವರು ಈಗ ಎಲ್ಲೆಲ್ಲೋ ಕಲಿಸುತ್ತಿದ್ದಾರೆ. ಆದರೂ ಯಂತ್ರ ಕುಂಯ್ಯೆಂದಾಗಲೆಲ್ಲ ನನಗೆ ಆ ಹುಡುಗಿಯ ಮಗ್ಗಿ ನೆನಪಾಗುತ್ತದೆ.

ನನ್ನ ಕೆಲಸವೂ ಬೆಳೆಯಿತು. ಬೊಟ್ಟಿನ ಉಪಾಯ ಬಳ್ಳಾರಿಯಲ್ಲೆಲ್ಲ ನನ್ನ ಹೆಸರಿನಲ್ಲೇ ಹರಡಿತು. ಒಮ್ಮೆ ಒಂದು ಡಜನ್ ಪಾಕೀಟು ಕರಿ ಬೊಟ್ಟು ಕೊಳ್ಳಲು ಹೋದಾಗ ಬಳೆ ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪೋ, ಎಷ್ಟು ಮಂದಿ ಹೆಂಡ್ರು ಅದಾರ ನಿನಗ?" ಎಂದಳು. ಅದನ್ನು ಹಂಪಮ್ಮನಿಗೆ ಹೇಳಿದಾಗ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳು ನನ್ನ ಮೇಲೆ ಎಂದೂ ಹಗೆ ಸಾಧಿಸಲಿಲ್ಲ. ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಮೊಸರು ಬಡಿಸುತ್ತಾ, "ಹೆಪ್ಪು ಯಾರ ಮನೀದು ಕೇಳು," ಎನ್ನುತ್ತಿದ್ದಳು, ಅಷ್ಟೇ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಕೆಲಸ ಮಾಡಿದ ವರ್ಷಗಳನ್ನೆಲ್ಲ ಕೂಡಿಸಿ ನೋಡಿದರೆ ನನಗೆ ಕೊರಗಿಲ್ಲ. ಒಳ್ಳೆಯ ಉಸ್ತಾದ್ ಸಿಕ್ಕರು, ಕೈಗೆ ಕೆಲಸ ಸಿಕ್ಕಿತು, ಹೋದ ಮನೆಗಳಲ್ಲಿ ಚಹಾ ಸಿಕ್ಕಿತು. ಕೊರಗು ಇರುವುದು ಆ ಒಂದು ಸಂಜೆಯದು ಮಾತ್ರ.

ಇದನ್ನೆಲ್ಲ ಬರೆದು, ಅಕ್ಷರ ತಿದ್ದಿಕೊಡು ಎಂದು ಹೋದ ವಾರ ಅವಳಿಗೇ ಕೊಟ್ಟೆ. ಅವಳೂ ನಿವೃತ್ತಳು. ಕೆಂಪು ಪೆನ್ನು ಮಾತ್ರ ಬಿಟ್ಟಿಲ್ಲ. ಒತ್ತಕ್ಷರ ತಿದ್ದುತ್ತಾ, ಅಲ್ಪಪ್ರಾಣ ಮಹಾಪ್ರಾಣ ಸರಿಪಡಿಸುತ್ತಾ ಕೊನೆಯವರೆಗೂ ಓದಿದಳು. ಒಂದು ಕಡೆ ಮಾತ್ರ ನಿಂತು, "ಯಂತ್ರದ ಮುಂದ ಒಬ್ಬಾಕೀನಾ ಕೂತು ಅತ್ಲು ಅಂತ ಬರ್ದೀಯಲ್ಲ, ಅದನ್ನ ತೆಗಿ. ನಾನು ಅತ್ತಿಲ್ಲ," ಎಂದಳು. ತೆಗೆದೆ.

ಆಮೇಲೆ ಹಾಳೆಗಳನ್ನು ಜೋಡಿಸುತ್ತಾ, "ಇಷ್ಟುದ್ದ ಬರ್ದೀಯಲ್ಲಣ್ಣ, ಆವತ್ತು ಹೇಳಬೇಕಾಗಿದ್ದ ಮಾತು ಎಲ್ಲೈತಿ?" ಎಂದಳು.

"ಎಲ್ಲಾ ಬರ್ದೀನಲ್ಲವ್ವ."

"ಕಥಿ ಬರ್ದೀ. ಅವ್ವ ಕಥಿ ಹೇಳಾಕ ಹೋಗಿರಲಿಲ್ಲ. ಮನಿ ಮುಂದ ನಿಂತು ಒಂದಾ ಮಾತು ಹೇಳಿ ಬಂದಿದ್ಲು. ನೀನೂ ಒಂದು ಸಾಲು ಬರಿ. ಹೆಸರು ಹಾಕಿ ಬರಿ."

ಅವಳ ಎದುರೇ ಕೂತು ಬರೆದೆ. ಸಿರುಗುಪ್ಪದಲ್ಲಿ ಆ ಸಂಜೆ ಮಂಡಕ್ಕಿ ತಿಂದವರು ಯಾರಾದರೂ ಇದನ್ನು ಓದಿದರೆ, ಸುಜಾತ ಓದಿದರೆ, ಈ ಸಾಲು ನಿಮಗೆ: ಚೆಂಡು ಹಂಪಮ್ಮನ ಮನೆಯದಲ್ಲ, ಎರ್ರಿಸ್ವಾಮಿಯ ಚೀಲದ್ದು.

ಹಂಪಮ್ಮ ಅದನ್ನು ಎರಡು ಸಲ ಓದಿದಳು. ತಿದ್ದಲು ಏನೂ ಸಿಗಲಿಲ್ಲವೇನೋ. ಕೆಂಪು ಪೆನ್ನಿನಿಂದ ಪಕ್ಕದಲ್ಲಿ ಒಂದು ರೈಟು ಹಾಕಿದಳು. ಏಳನೆಯ ತರಗತಿ ಬಿಟ್ಟ ಮೇಲೆ ನಾನು ಬರೆದದ್ದಕ್ಕೆ ಸಿಕ್ಕ ಮೊದಲ ರೈಟು ಅದು.